ಹ್ಯಾಂಡಲ್ಲಿಗೆ ಕಟ್ಟಿದ ತಾಯಿತ

ಜುಲೈ 16, ಕಾರ್ಮೆನ್ ಮಾತೆಯ ಹಬ್ಬ

ವಾಹನಗಳ ಮೆರವಣಿಗೆಯಲ್ಲಿ ಇವತ್ತು ನನ್ನ ಬೈಕನ್ನು ನೋಡಿದೆ. ಅದರ ಮೇಲೆ ಬೇರೆ ಯಾರೋ ಹುಡುಗಿ ಕೂತಿದ್ದಳು.

ಅಂಗಡಿಯಲ್ಲಿ ಮುಂಗಡ ಕೊಟ್ಟ ದಿನ ಗುರುತಿಗೆಂದು ನಾನೇ ಹ್ಯಾಂಡಲ್ಲಿಗೆ ಕಟ್ಟಿದ್ದ, ಸವಾರರನ್ನು ಕಾಯುವ ಮಾತೆಯ ತಾಯಿತ ಇನ್ನೂ ತೂಗಾಡುತ್ತಿತ್ತು. ಸೂಲಗಿತ್ತಿ ನಾನು, ಬೆಟ್ಟದ ಮೇಲಿನ ಹೆರಿಗೆಗಳಿಗೆ ಇನ್ನು ನಡೆದು ಹೋಗಬೇಕಿಲ್ಲ ಅಂದುಕೊಂಡಿದ್ದೆ.

ಮೊನ್ನೆ ಹೋದಾಗ ಬೈಕು ಅಲ್ಲಿರಲಿಲ್ಲ. ಅಂಗಡಿಯ ಎವೆಲಿಯೊ ಏನಂದ? "ರಸೀದೀಲಿ ಕೆಂಪು ಬೈಕು ಅಂತಷ್ಟೇ ಇದೆ, ಎದಿಲ್ಮಮ್ಮಾ. ಯಾವ್ದಾದ್ರೇನು, ಇನ್ನೊಂದು ಬರತ್ತೆ ಬಿಡಿ." ಚಾಸಿ ನಂಬರ್ ಬರೆಸಿಕೊಳ್ಳುವುದು ಬಿಟ್ಟು ತಾಯಿತ ಕಟ್ಟಿ ಬಂದವಳು ನಾನು!

ಹುಡುಗಿಯನ್ನು ತಾಯಿತದ ಬಗ್ಗೆ ಕೇಳಿದೆ. "ಇದು ಮೊದ್ಲೇ ಇತ್ತಕ್ಕಾ. ಅಂಗಡಿಯವ್ರು ಉಡುಗೊರೆ ಅಂದ್ರು," ಅಂದಳು. ವಿಷಯ ತಿಳಿದು ಅವಳ ಮುಖ ಸಪ್ಪಗಾಯಿತು. "ತಾಯಿತ ಮೊದ್ಲೇ ಇತ್ತು ಅಂತ ಬರ್ದು ಸಹಿ ಹಾಕ್ಕೊಡ್ತೀನಿ. ಬಿಚ್ಚಿ ಕೊಡ್ಲಾ ಇದನ್ನ?"

"ಬೇಡ, ಇರ್ಲಿ. ರಸ್ತೆಗೆ ಇಳಿಯೋಳು ನೀನು," ಅಂದೆ.

ಪಾದ್ರಿಗಳು ಬೈಕಿನ ಮೇಲೆ ತೀರ್ಥ ಚಿಮುಕಿಸಿದಾಗ ನಾನೂ ಶಿಲುಬೆಯ ಗುರುತು ಹಾಕಿಕೊಂಡೆ. ಯಾಕೋ ಗೊತ್ತಿಲ್ಲ.

ಗ್ರಾಹಕರ ಕಾನೂನಿನಂತೆ ಮೊದಲು ಅಂಗಡಿಗೇ ಲಿಖಿತ ದೂರು ಕೊಡಬೇಕಂತೆ. ಹದಿನೈದು ಕೆಲಸದ ದಿನಗಳೊಳಗೆ ಅವರು ಉತ್ತರಿಸಲೇಬೇಕಂತೆ. ಬರೆಯಲು ಕೂತಿದ್ದೇನೆ. ಯಾವ ಬೈಕು ಎನ್ನುವಲ್ಲಿ "ನಾನು ತಾಯಿತ ಕಟ್ಟಿದ್ದು" ಎಂದು ಬರೆದೆ. ಮುಂದಿನ ಸಾಲು ನಾಳೆ. ನಸುಕಿಗೇ ಬೆಟ್ಟದ ಬಸುರಿಯನ್ನು ನೋಡಬೇಕು, ಬೂಟು ಇನ್ನೂ ಒಣಗಿಲ್ಲ.