ಹಿತ್ತಲಿನ ಮುತ್ಯಾ

ಅಫಜಲಪುರ ತಾಲೂಕು,
೧೨ ನವೆಂಬರ್ ೨೦೨೪

ನಜಮುನ್ನಿಸಾ ಅಮ್ಮನವರಿಗೆ, ನಿನ್ನೆ ನಿಮ್ಮನ್ನು ತನ್ನ ಟಂಟಂ ಆಟೊದಲ್ಲಿ ಹೊಳೆದಂಡೆಗೆ ಕರೆದೊಯ್ದ ಶಿವಪ್ರಕಾಶನ ಸಲಾಮು.

ನಿಮ್ಮ ಮೊಮ್ಮಗ ಖಾಜಾ ಆಳಂದದ ವಿಳಾಸ ಕೊಟ್ಟಿದ್ದ. ಫೋನ್ ನಂಬರೂ ಕೊಟ್ಟಿದ್ದ, ಆದರೆ ನೀವು ಅತ್ತರೆ ನಾನು ಫೋನ್ ಇಟ್ಟುಬಿಡುತ್ತೇನೆ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ಖಾಜಾ ಸರಿಮಾಡಿ ಓದಲಿ.

ನಮ್ಮ ಬಾಗಿಲಲ್ಲಿ ನಿಂತು ನೀವು, "ಇದು ನಮ್ಮ ಅಬ್ಬಾನ ಮನಿ ಏನವ್ವ? ಹಿತ್ತಲದಾಗ ಬೇವಿನ ಗಿಡ ಇತ್ತು" ಎಂದಿರಿ. ನನ್ನ ಅಜ್ಜಿ ಗಂಗಾಬಾಯಿ ಹೊಸ್ತಿಲು ಬಿಟ್ಟು ಸರಿಯದೆ, "ಆ ಮನಿ ಸೊನ್ನದ ಬ್ಯಾರೇಜಿನ ನೀರಾಗ ಹೋತ್ರಿ" ಎಂದಳು.

ಹೊಳೆಗೆ ಹೋಗುವಾಗ ನೀವು ಹೇಳಿದಿರಿ: ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಹೊತ್ತಿನಲ್ಲಿ ಮನೆಯೊಳಗೆ ಅಡಗಿದ್ದಾಗ ನಿಮ್ಮ ಎಂಟು ತಿಂಗಳ ತಮ್ಮ ಜ್ವರದಿಂದ ಹೋದ. ಖಬರಸ್ಥಾನಕ್ಕೆ ಒಯ್ಯಲು ಧೈರ್ಯವಿಲ್ಲದೆ ಅಬ್ಬಾ ಬೇವಿನ ಬುಡದಲ್ಲೇ ಮಣ್ಣು ಮಾಡಿ, ನಿಮ್ಮನ್ನೆಲ್ಲ ಕರೆದುಕೊಂಡು ಊರು ಬಿಟ್ಟರು. ಬೇವಿನ ಬುಡ ಎಂದಕೂಡಲೇ ನನಗೆ ತಿಳಿಯಿತು. ಆದರೂ ನೀರಿನ ಕಡೆ ಬೆರಳು ಮಾಡಿ, "ಅಲ್ಲೇ ನೋಡ್ರಿ" ಎಂದೆ. ನೀವು ಆ ನೀರಿಗೆ ಗುಲಾಬಿ ಬಿಟ್ಟು ದುವಾ ಮಾಡಿದಿರಿ.

ಆ ಮನೆ ಮುಳುಗಿಲ್ಲ. ನೀವು ನಿಂತಿದ್ದ ಬಾಗಿಲೇ ಅದು.

ಅದಕ್ಕೂ ಮೊದಲು, ರಜಾಕಾರರ ಗಲಾಟೆಯಲ್ಲಿ ನಮ್ಮ ಮುತ್ತಜ್ಜ ಸೊಲ್ಲಾಪುರಕ್ಕೆ ಓಡಿದ್ದ. ತಿರುಗಿ ಬಂದಾಗ ನಮ್ಮ ಮನೆ ಸುಟ್ಟಿತ್ತು, ನಿಮ್ಮದು ಖಾಲಿಯಿತ್ತು. ಹೊಕ್ಕು ಕೂತ. ಬೇವಿನ ಕೆಳಗೆ ಕಲ್ಲಿಟ್ಟ ದಿಬ್ಬ ಕಂಡು, ಯಾರೋ ಶರಣರ ಗದ್ದುಗೆ ಎಂದು ಹೆದರಿ ವಿಭೂತಿ ಹಚ್ಚಿದ. ಇಂದಿಗೂ ಸೋಮವಾರ ಅಲ್ಲಿಗೆ ಎಡೆ ಹಿಡಿಯದೆ ನಾವು ಉಣ್ಣುವುದಿಲ್ಲ. ನನ್ನ ಜವಳ ತೆಗೆಸಿದ್ದೂ ಅಲ್ಲೇ. ಎಂಟು ತಿಂಗಳ ಕೂಸಿಗೆ ನಾವೆಲ್ಲ ಹಿರಿಯಜ್ಜನೆಂದು ಕೈಮುಗಿದು ಮುತ್ಯಾ ಎನ್ನುತ್ತ ಬಂದಿದ್ದೇವೆ.

ನಿಮ್ಮನ್ನು ಬಸ್ ಹತ್ತಿಸಿ ಬಂದು ಅಜ್ಜಿಗೆ ಹೇಳಿದೆ. ಅದು ಕೂಸಿನ ಗೋರಿ ಎಂದು ಅವಳಿಗೆ ಗೊತ್ತಿರಲಿಲ್ಲ. ಮನೆ ನಿಮ್ಮದೆಂದು ಗೊತ್ತಿತ್ತು. "ಮನಿ ಬಿಡು ಅಂದ್ರ ಎಲ್ಲಿ ಹೋಗೂಣು ಲೇ? ನಿನ್ನ ಟಂಟಂದಾಗ ಮಲಗಲೇನು?" ಎಂದು ಬೈದಳು. ಆ ಹೆದರಿಕೆ ನನಗೂ ಇದೆ, ಮುಚ್ಚಿಡುವುದಿಲ್ಲ. ಆದರೆ ನೀವು ಬರೀ ನೀರಿಗೆ ಕೈಯೆತ್ತಿ ನಿಂತದ್ದು ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಬನ್ನಿ ಅಮ್ಮಾ. ಆಳಂದಕ್ಕೆ ನಾನೇ ಬಂದು ಕರೆತರುತ್ತೇನೆ.

ನಿಮಗೆ ಸುಳ್ಳು ಜಾಗ ತೋರಿಸಿದ,
ಶಿವಪ್ರಕಾಶ

ತಾ.ಕ.: ಅಜ್ಜಿ ಇದನ್ನು ನನ್ನಿಂದ ಓದಿಸಿಕೊಂಡಳು. ಹರಿದು ಹಾಕುತ್ತಾಳೆ ಎಂದುಕೊಂಡಿದ್ದೆ. ಮಡಚಿ ನನ್ನ ಕೈಗೇ ಕೊಟ್ಟು, "ಆ ಕೂಸಿನ ಹೆಸರ ಏನಿತ್ತು ಕೇಳು" ಎಂದಳು.