ನೋವು ಎಷ್ಟೆಂದು ನನ್ನ ಗಂಡನನ್ನು ಕೇಳಬೇಡಿ

ದೂರವಾಣಿ ವೈದ್ಯಸಲಹಾ ವಿಭಾಗದ ಮಾನ್ಯ ನಿರ್ದೇಶಕರೇ,

ನನ್ನ ಗಂಡ ವೆರ್ನರ್ ಅವರ ಹೃದಯ ತಪಾಸಣೆಯನ್ನು ನಿಮ್ಮ ಕಚೇರಿ ರದ್ದು ಮಾಡಿದೆ. ಕಾರಣ, ಅವರು ಹುಷಾರಾಗಿದ್ದಾರಂತೆ. ಹಾಗೆಂದು ಹೇಳಿದವರು ಯಾರು? ಅವರೇ! ಪಶ್ಚಿಮ ಜಟ್‌ಲ್ಯಾಂಡಿನ ಕಡಲತೀರದ ಮೀನುಗಾರನ ಬಾಯಿಮಾತು ನಂಬಿ ರೋಗ ನಿರ್ಣಯಿಸುವ ಧೈರ್ಯ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಕುಳಿತವರಿಗೆ ಮಾತ್ರ ಬರಲು ಸಾಧ್ಯ.

ನಮ್ಮ ಕಡೆಯವರು ಮಾತಾಡುವ ರೀತಿ ತಮಗೆ ತಿಳಿದಂತಿಲ್ಲ. ಊಟ ಅಮೃತದಂತಿದ್ದರೆ ನಾವು "ತಿನ್ನಬಹುದು" ಎನ್ನುತ್ತೇವೆ. ಬಿರುಗಾಳಿ ಮನೆಯ ಹೆಂಚು ಹಾರಿಸಿಕೊಂಡು ಹೋದರೆ "ಗಾಳಿ ಸ್ವಲ್ಪ ಜೋರು" ಎನ್ನುತ್ತೇವೆ. ಮಗಳು ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ ವೆರ್ನರ್ ಹೇಳಿದ್ದು "ಪರವಾಗಿಲ್ಲ" ಎಂದು; ಆಮೇಲೆ ಹೊರಗೆ ಹೋಗಿ ಅತ್ತರು. ಇಂಥವರಿಗೆ ನಿಮ್ಮ ದಾದಿ ಕೇಳುವ ಪ್ರಶ್ನೆ ನೋಡಿ: ಒಂದರಿಂದ ಹತ್ತರೊಳಗೆ ನಿಮ್ಮ ನೋವೆಷ್ಟು?

ಕಳೆದ ಮಾರ್ಚಿನಲ್ಲಿ ಎದೆ ಹಿಡಿದುಕೊಂಡು, ಬೆವರಿನಲ್ಲಿ ತೊಯ್ದು, ಮುಖ ಬೂದಿಬಣ್ಣಕ್ಕೆ ತಿರುಗಿದ್ದಾಗಲೂ ಅವರು ಈ ಪ್ರಶ್ನೆಗೆ ಬಹಳ ಯೋಚಿಸಿ "ಎರಡು" ಎಂದರು. ಪ್ಯಾರಾಸಿಟಮಾಲ್ ನುಂಗಿ ಮಲಗಿ ಎಂಬ ಸಲಹೆ ಬಂತು. ಎರಡಂತೆ ಎರಡು, ತಲೆ ನೆಟ್ಟಗಿದೆಯಾ ಎಂದು ನಾನು ರೇಗಿದೆ.

"ಹತ್ತು ಅಂದ್ರೆ ಸತ್ತೇ ಹೋಗಿರ್ಬೇಕು ಮಾರಾಯ್ತಿ. ಸತ್ತೋನು ಫೋನ್ ಮಾಡ್ತಾನಾ?" ಎಂದರು.

ಎಂದೂ ಒಂದು ಹನಿ ಬಿಡದವರು ಕಾಫಿಯನ್ನು ಅರ್ಧಕ್ಕೇ ಬಿಟ್ಟಿದ್ದು ಕಂಡು ನನಗೆ ಜೀವವೇ ಹಾರಿಹೋದಂತಾಯಿತು. ನಾನೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದೆ. ಹೃದಯದ ರಕ್ತನಾಳವೊಂದು ಪೂರ್ತಿ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿ ಉಳಿಸಿಕೊಟ್ಟರು. ಹೃದಯಕ್ಕೆ ಪೆಟ್ಟಾಗಿದೆ, ಶರತ್ಕಾಲದಲ್ಲಿ ಸ್ಕ್ಯಾನ್ ಮಾಡಿ ನೋಡಲೇಬೇಕು ಎಂದು ವೈದ್ಯೆ ಹೇಳಿ ಕಳಿಸಿದ್ದರು. ಅದಕ್ಕೆ ಮುಂಚೆ ನಿಮ್ಮವರ ಫೋನ್ ಬಂತು. ಉಸಿರು ಕಟ್ಟುತ್ತದೆಯೇ? "ಹೇಳ್ಕೊಳ್ಳೋ ಅಂಥದ್ದೇನಿಲ್ಲ." ನಿದ್ದೆ ಬರುತ್ತದೆಯೇ? "ಬರುತ್ತೆ." ಅಲ್ಲಿಗೆ ಕಥೆ ಮುಗಿಯಿತು. ಬೇರೆಯವರಿಗೆ ಜಾಗ ಬಿಟ್ಟುಕೊಟ್ಟ ಸಮಾಧಾನ ಅವರಿಗೆ, ಸರದಿಯಲ್ಲಿ ಒಬ್ಬ ಕಡಿಮೆಯಾದ ಸಂತೋಷ ನಿಮಗೆ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಕೇಳಿ. ನಿದ್ದೆ ಬರುವುದು ನಿಜ, ಆದರೆ ಕುರ್ಚಿಯಲ್ಲಿ ಕೂತೇ ಬರಬೇಕು, ಮಲಗಿದರೆ ಉಸಿರಾಡಲಾಗುವುದಿಲ್ಲ. ಸಂಜೆಯ ಹೊತ್ತಿಗೆ ಕಾಲು ಊದಿಕೊಂಡು, ಬೂಟು ಬಿಚ್ಚಲು ನಾನು ಜಗ್ಗಬೇಕು. ಬಂದರಿಗೆ ಹೋಗುವ ದಾರಿಯಲ್ಲಿ ಮತ್ತೆ ಮತ್ತೆ ನಿಂತು ಕಡಲಹಕ್ಕಿಗಳನ್ನು ನೋಡುತ್ತಾರೆ. ಜೀವಮಾನವಿಡೀ ಅವನ್ನು ಕಳ್ಳಮುಂಡೇವು ಎಂದು ಬೈದ ಮನುಷ್ಯನಿಗೆ ಈಗ ಪಕ್ಷಿಪ್ರೇಮ ಉಕ್ಕಿದೆ ಎಂದು ನಾನು ನಂಬಬೇಕೇ?

ಆದ್ದರಿಂದ ಆ ಸ್ಕ್ಯಾನ್ ಈ ವಾರವೇ ಆಗಬೇಕು. ಎದೆಗೆ ಸ್ಟೆತೊಸ್ಕೋಪ್ ಇಡಿ, ಕಾಲು ಒತ್ತಿ ನೋಡಿ, ರಕ್ತ ತೆಗೆದು ಪರೀಕ್ಷಿಸಿ. ಅವರೊಬ್ಬರನ್ನು ಬಿಟ್ಟು ಬೇಕಾದವರನ್ನು ವಿಚಾರಿಸಿ. ಈ ಕಾಗದವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅದು ಅಚ್ಚಾಗಿ ಬಂದರೆ ಅವರು ನಾಚಿಕೆಯಿಂದ ಬಂದರಿನ ಕಡೆ ತಲೆ ಹಾಕಲಾರರು, ಗೊತ್ತು. ಪರವಾಗಿಲ್ಲ, ಮನೆಯಲ್ಲೇ ಇರಲಿ. ನಮ್ಮ ಕಡೆಯ ಹೆಂಗಸರು ಊರಿಗೆಲ್ಲ ಕೇಳುವಂತೆ ಇಂಥ ಮಾತು ಆಡುವುದಿಲ್ಲ, ಆದರೂ ಆಡುತ್ತಿದ್ದೇನೆ: ನನಗೆ ಭಯವಾಗಿದೆ. ನನಗೆ ಆ ಮನುಷ್ಯ ಬೇಕು.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಪೂರ್ತಿ ಗುಣವಾಗಿರುವವರ ಹೆಂಡತಿ,
ಬೋಡಿಲ್