ಲೈಬ್ರರಿಯ ಪಾಸ್‌ವರ್ಡ್ ಬದಲಾದ ದಿನ

ನಮ್ಮ ಹೊಸ ಮನೆ, ಮೂರನೇ ಮಹಡಿ
೨೩ನೇ ತಾರೀಖು, ಗುರುವಾರ, ಬೆಳಗ್ಗೆ ಹನ್ನೊಂದು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತಾ? ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾ ಬಗ್ಗಿ ಕೂರುತ್ತಿದ್ದವನು ಈಗ ಎಲ್ಲಿ ಕೂತಿದ್ದೀಯೋ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ನಾನು ಚೆನ್ನಾಗಿದ್ದೇನೆ, ತುಂಬಾ ತುಂಬಾ ಚೆನ್ನಾಗಿದ್ದೇನೆ! ಮದುವೆಯಾಗಿ ನಲವತ್ತು ದಿನ. 'ನನ್ನ ಗಂಡ' ಎಂದು ಬರೆಯುವಾಗ ಈಗಲೂ ನಗು ಬರುತ್ತದೆ. ಇವರದು ಲಿಫ್ಟ್ ರಿಪೇರಿ ಕೆಲಸ, ನಮ್ಮ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇಲ್ಲ! ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದರೆ ನಾನು ಬಾಗಿಲಲ್ಲಿ ನಿಂತು "ಯಾವ ಫ್ಲೋರ್ ಸಾರ್?" ಎನ್ನುತ್ತೇನೆ. ನೀನಿದ್ದಿದ್ದರೆ "ಸಾಕು ಮಾಡೇ ಗಲಾಟೆ" ಎನ್ನುತ್ತಿದ್ದೆ. ಮದುವೆಯ ಫೋಟೊ ತೆಗೆಯುವಾಗ ಅಮ್ಮ ತನ್ನ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಂತಳು. ಫೋಟೊ ತೆಗೆಯುವವನು "ಹತ್ರ ಬನ್ನಿ ಅಮ್ಮಾ" ಎಂದು ಮೂರು ಸಲ ಹೇಳಿ, ಕೊನೆಗೆ ಹಾಗೇ ತೆಗೆದ.

ಇದನ್ನು ಎಲ್ಲಿ ಬರೆಯುತ್ತಿದ್ದೇನೆ ಗೊತ್ತಾ? ನಿನ್ನ ಕಂಪ್ಯೂಟರಿನಲ್ಲಿ. ನೀನು ಬಿಟ್ಟುಹೋದದ್ದನ್ನು ಅಮ್ಮ ನನ್ನ ಜೊತೆ ಕಳಿಸಿದಳು. ಪಾಸ್‌ವರ್ಡುಗಳನ್ನೆಲ್ಲ ತಾನೇ ನೆನಪಿಟ್ಟುಕೊಳ್ಳುವ ಪೆಟ್ಟಿಗೆ ಇದೆಯಲ್ಲ ಇದರೊಳಗೆ, ಅಲ್ಲಿ ಪ್ರತಿ ಪಾಸ್‌ವರ್ಡಿನ ಕೆಳಗೂ ಟಿಪ್ಪಣಿ ಬರೆಯಲು ಜಾಗವಿದೆ. ನಾನೀಗ ಲೈಬ್ರರಿಯ ಪಾಸ್‌ವರ್ಡಿನ ಕೆಳಗೆ ಬರೆಯುತ್ತಿದ್ದೇನೆ. ಹದಿನಾಲ್ಕು ತಿಂಗಳಿಂದ ನಿನ್ನ ಫೋನು ಸ್ವಿಚ್ ಆಫ್. ಪೊಲೀಸರೂ ಫೈಲು ಮಡಚಿಟ್ಟರು. ಆದರೆ ನಿನ್ನ ಫೋನಿನಲ್ಲಿರುವುದೂ ಇದೇ ಪೆಟ್ಟಿಗೆ ತಾನೇ? ಇಲ್ಲಿ ಬರೆದದ್ದು ಅಲ್ಲೂ ಕಾಣಬೇಕು. ಫೋನು ಇದ್ದರೆ. ನೀನು ಅದನ್ನು ಆನ್ ಮಾಡಿದರೆ.

ಈಗ ನಾನು ಮಾಡಿದ ಘನಕಾರ್ಯ ಕೇಳು. ಕಂಪ್ಯೂಟರಿನ ಜೊತೆಗೇ ಬಂದ ಬ್ರೌಸರು ಇವರಿಗೆ ಹಿಡಿಸುವುದಿಲ್ಲ. "ಇದೇನೇ ಇದು, ಎತ್ತಿನ ಗಾಡಿ" ಎಂದು ಬೇರೆ ಕಂಪನಿಯದೊಂದನ್ನು ಹಾಕಿದರು. ಅದಕ್ಕೋ ನಿನ್ನ ಒಂದು ಪಾಸ್‌ವರ್ಡೂ ಗೊತ್ತಿಲ್ಲ. ನಾನು ಮುಖ ಊದಿಸಿಕೊಂಡೆ. ಆಮೇಲೆ ಇವರು ನಿನ್ನ ಪೆಟ್ಟಿಗೆಯಿಂದ ಅದಕ್ಕೆ ಪಾಸ್‌ವರ್ಡು ತಂದುಕೊಡುವ ಒಂದು ಸಣ್ಣ ಎಕ್ಸ್‌ಟೆನ್ಶನ್ ಸೇರಿಸಿದರು. ಪರದೆಯ ಮೂಲೆಯಲ್ಲಿ ಆರು ಅಂಕಿ ಕಂಡವು, ಅವನ್ನು ಹೊಸ ಬ್ರೌಸರಿನಲ್ಲಿ ಒತ್ತಿದ್ದೇ ತಡ, ಎಲ್ಲವೂ ತಾನಾಗಿ ತುಂಬಿಕೊಳ್ಳತೊಡಗಿತು! ಅದೇ ಖುಷಿಯಲ್ಲಿ ನಿನ್ನ ಲೈಬ್ರರಿ ಕಾರ್ಡಿನ ಮೇಲೆ ಒಂದು ಪುಸ್ತಕ ಕಾಯ್ದಿರಿಸಲು ಹೋದೆ. (ಬೈಯಬೇಡ, ಹಿಂದಿರುಗಿಸುತ್ತೇನೆ.) ಏನೋ ಹಳೆಯದಾಗಿದೆ, ಹೊಸದು ಮಾಡಲೇ ಎಂದು ಒಂದು ಚೌಕ ಬಂತು. ಇವರು ಹಿಂದಿನಿಂದ ಜಡೆ ಎಳೆಯುತ್ತಿದ್ದರು. ನಾನು ನಗುತ್ತಾ, ಓದದೆ, ಸರಿ ಎಂದು ಒತ್ತಿ ಮರೆತೇಬಿಟ್ಟೆ.

ಹೋದ ಭಾನುವಾರ ಅಮ್ಮ ಬಂದಿದ್ದಳು. ನಿನ್ನ ಪೆಟ್ಟಿಗೆ ತೆರೆದು ತೋರಿಸುತ್ತಿದ್ದೆ. ಲೈಬ್ರರಿಯ ಮುಂದೆ ಇತ್ತು: ಪಾಸ್‌ವರ್ಡ್ ಬದಲಾದದ್ದು ಇದೇ ತಿಂಗಳ ಒಂಬತ್ತಕ್ಕೆ. ಅಣ್ಣಾ, ನಾನು ಕಿರುಚಿದ ಕಿರುಚಿಗೆ ಕೆಳಗಿನ ಮನೆಯವರು ಓಡಿಬಂದರು. "ಅಮ್ಮಾ, ಅಣ್ಣ ಇದಾನೆ! ಅಣ್ಣ ಎಲ್ಲೋ ಕೂತು ಇದನ್ನ ಮುಟ್ಟಿದಾನೆ!" ಅಮ್ಮ ಅಳಲಿಲ್ಲ. ಬೆರಳಿನಿಂದ ಆ ತಾರೀಖನ್ನು ಪರದೆಯ ಮೇಲೆ ಮೆಲ್ಲಗೆ ಸವರಿದಳು, ಅಷ್ಟೆ. ನೀನು ಹೋದ ದಿನ ಬೆಳಗ್ಗೆ "ಈ ಮನೆ ಹಿಡಿಸದಿದ್ರೆ ಬಾಗಿಲು ತೆಗ್ದೇ ಇದೆ" ಎಂದದ್ದು ತಾನೇ ಎಂದು ಇಷ್ಟು ದಿನ ನೆಟ್ಟಗೆ ನಿದ್ದೆ ಮಾಡದವಳು, ಮಾರನೇ ದಿನವೇ ನಿನ್ನ ಕೋಣೆಗೆ ಬಣ್ಣ ಬಳಿಯುವವನನ್ನು ಕರೆಸಿದಳು.

ನಿನ್ನೆ ಇವರಿಗೆ ಆ ತಾರೀಖು ತೋರಿಸಿದೆ. ತಲೆ ಎತ್ತದೆ ಹೇಳಿದರು: "ಒಂಬತ್ತಕ್ಕೆ ನೀನು ಪುಸ್ತಕ ತಗೊಂಡೆಯಲ್ಲ. ಅದು ನೀನೇ ಕಣೇ." ಎರಡು ಬ್ರೌಸರೆಂದರೆ ಎರಡು ಬೇರೆ ಮನೆ ಎಂದುಕೊಂಡಿದ್ದೆ. ಹೊಸ ಬ್ರೌಸರಿನಲ್ಲಿ ಒತ್ತಿದ್ದು ನಿನ್ನ ಪೆಟ್ಟಿಗೆಗೂ ಬಂದು ಬೀಳುತ್ತದೆಂದು ನನಗೆ ಹೊಳೆಯಲೇ ಇಲ್ಲ. ಪೆಟ್ಟಿಗೆ ಯಾವ ಯಾವ ಯಂತ್ರದಲ್ಲಿದೆ ಎಂಬ ಪಟ್ಟಿಯನ್ನೂ ತೆಗೆದು ತೋರಿಸಿದರು. ನಿನ್ನ ಫೋನು ಕೊನೆಯ ಸಲ ಕಂಡದ್ದು ನೀನು ಮನೆ ಬಿಟ್ಟ ದಿನ. ಆಮೇಲೆ ಏನೂ ಇಲ್ಲ. ಇವರು ಪಾಪ, ನನಗೆ ಟೀ ಮಾಡಿಕೊಟ್ಟರು. ಕುಡಿಯಲಾಗಲಿಲ್ಲ.

ಎಲ್ಲಿದ್ದರೂ ಬೆಚ್ಚಗಿರು. ಇವರೂ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ನೀವಿಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ.

ನಿನ್ನ,
ಗಲಾಟೆ

ಮರೆತಿದ್ದೆ: ಅಮ್ಮನಿಗೆ ಇನ್ನೂ ಹೇಳಿಲ್ಲ. "ಆ ತಾರೀಖು ಇನ್ನೊಂದ್ಸಲ ತೋರ್ಸು" ಎಂದು ಫೋನು ಮಾಡಿ ಹೊರಟಿದ್ದಾಳೆ, ಈಗ ಮೆಟ್ಟಿಲು ಹತ್ತುತ್ತಿರಬಹುದು. ಅಣ್ಣಾ, ನೀನು ಮನೆಗೆ ಬರಬೇಡ, ಫೋನೂ ಮಾಡಬೇಡ. ಯಾವುದಾದರೂ ಒಂದು ಪಾಸ್‌ವರ್ಡ್ ಬದಲಿಸು, ಸಾಕು. ಹೊಸ ಬ್ರೌಸರನ್ನು ಬೆಳಗ್ಗೆಯೇ ಕಿತ್ತುಹಾಕಿದ್ದೇನೆ. ಇನ್ನು ಮೇಲೆ ಇಲ್ಲಿ ಯಾವ ತಾರೀಖು ಬದಲಾದರೂ ಅದು ನಾನಲ್ಲ.